ಕಂಡೆನ್ಸ್ಡ್ ಮಿಲ್ಕ್‌ನ ಹದ ಅಳೆಯುವ ಬಗೆ

ಪಾಯಸಕ್ಕೆ ಸುರಿಯುವ ಸಿಹಿ ಕಂಡೆನ್ಸ್ಡ್ ಮಿಲ್ಕ್‌ನಲ್ಲಿ ನೀರಿರುವುದು ನೂರಕ್ಕೆ 27ರಷ್ಟು. ಸಕ್ಕರೆ ಸುಮಾರು 45, ಉಳಿದದ್ದು ಹಾಲಿನ ಘನಾಂಶ. ಅಂತರರಾಷ್ಟ್ರೀಯ ಆಹಾರ ಮಾನಕವಾದ ಕೋಡೆಕ್ಸ್ ಪ್ರಕಾರ ಹಾಲಿನ ಘನಾಂಶ ಕನಿಷ್ಠ 28, ಅದರೊಳಗೆ ಜಿಡ್ಡು ಕನಿಷ್ಠ 8 ಇರಬೇಕು.

ಲೆಕ್ಕ ಹಾಕಿ ನೋಡೋಣ. 100 ಕಿಲೋ ಹಾಲಿನಲ್ಲಿ 12.5 ಕಿಲೋ ಘನಾಂಶವಿದೆ, ಅದಕ್ಕೆ 20.1 ಕಿಲೋ ಸಕ್ಕರೆ ಬೆರೆಸುತ್ತೇವೆ ಎಂದುಕೊಳ್ಳಿ. ನಿರ್ವಾತದ ಪಾತ್ರೆಯಲ್ಲಿ ಇದನ್ನು ಕುದಿಸಿ 44.6 ಕಿಲೋಗೆ ಇಳಿಸಬೇಕು. ಮೊದಲ ಒಂದು ಕಿಲೋ ನೀರು ಆವಿಯಾದಾಗ ಒಟ್ಟು ಘನಾಂಶ ಏರುವುದು ಶೇ. 0.2ರಷ್ಟು ಮಾತ್ರ. ಗುರಿ ಮುಟ್ಟಿದ ಮೇಲೆ ಇನ್ನೊಂದೇ ಕಿಲೋ ಹೋದರೆ 73ರಿಂದ ಸುಮಾರು 75ಕ್ಕೆ ಜಿಗಿಯುತ್ತದೆ. ಒಂದೆಳೆ ಪಾಕ ನೋಡನೋಡುತ್ತಿದ್ದಂತೆ ಎರಡೆಳೆಯಾಗುವ ಹಾಗೆ.

ಅಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು? ಈ ಹಾಲನ್ನು ಕೆಡದಂತೆ ಕಾಯುವುದು ಸಕ್ಕರೆ. ಸಕ್ಕರೆ ಮತ್ತು ನೀರನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ಅದರಲ್ಲಿ ಸಕ್ಕರೆಯ ಪಾಲು ಶೇ. 62.5ರಿಂದ 64.5ರ ನಡುವೆ ಇರಬೇಕು. ಕಡಿಮೆಯಾದರೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಯೀಸ್ಟ್ ಹುಟ್ಟಿಸಿದ ಅನಿಲಕ್ಕೆ ಡಬ್ಬಿ ಉಬ್ಬುತ್ತದೆ. ಹೆಚ್ಚಾದರೆ ಸಕ್ಕರೆ ಹರಳುಗಟ್ಟಿ ತಳ ಸೇರುತ್ತದೆ. ಮೇಲಿನ ಲೆಕ್ಕದಲ್ಲಿ ಆ ಕೊನೆಯ ಒಂದು ಕಿಲೋ ನೀರೇ ಈ ಪಾಲನ್ನು 62.6ರಿಂದ 64.6ಕ್ಕೆ ಒಯ್ದುಬಿಡುತ್ತದೆ.

ಹಾಗಾಗಿ ಅಳತೆ ಅಲ್ಲಲ್ಲೇ, ಆಗಿಂದಾಗಲೇ ಆಗಬೇಕು. ಹಿಂದೆ ಪಾತ್ರೆಯಿಂದ ಮಾದರಿ ತೆಗೆದು, ಅದರಲ್ಲಿ ಹೈಡ್ರೋಮೀಟರ್ ತೇಲಿಸಿ ಸಾಂದ್ರತೆ ನೋಡುತ್ತಿದ್ದರು. ಈಗ ಹೆಚ್ಚಿನ ಕೆಲಸ ರಿಫ್ರ್ಯಾಕ್ಟೋಮೀಟರಿನದು. ಗಾಜಿನ ಪಟ್ಟಕದ ಮೇಲೆ ಒಂದು ಹನಿ ಬಿಟ್ಟರೆ, ದ್ರವದಲ್ಲಿ ಕರಗಿದ್ದು ಹೆಚ್ಚಿದಷ್ಟೂ ಬೆಳಕು ಹೆಚ್ಚು ಬಾಗುತ್ತದೆ. ಆ ಬಾಗನ್ನು ಉಪಕರಣ ಬ್ರಿಕ್ಸ್ ಎಂಬ ಮಾಪಕದ ಅಂಕಿಯಾಗಿ ತೋರಿಸುತ್ತದೆ. ಕೊಳವೆಗೇ ಕೂರಿಸಿದ ಉಪಕರಣ ಹಾಲು ಹರಿಯುತ್ತಿರುವಾಗಲೇ ಅಂಕಿ ಕೊಡುತ್ತಿರುತ್ತದೆ. ಆದರೆ ಪಟ್ಟಕದ ಮೇಲೆ ಹಾಲಿನ ಪದರ ಕಟ್ಟಿಕೊಂಡರೆ ಉಪಕರಣ ಓದುವುದು ಆ ಪದರವನ್ನು, ಹರಿಯುವ ಹಾಲನ್ನಲ್ಲ. ಅದನ್ನು ತೊಳೆಯುವುದರಲ್ಲಿ ಸೋಮಾರಿತನ ಸಲ್ಲದು.

ಬ್ರಿಕ್ಸ್ ಅಂಕಿಯನ್ನೇ ಒಟ್ಟು ಘನಾಂಶ ಎಂದು ಬರೆದುಕೊಳ್ಳುವುದೂ ತಪ್ಪು. ಆ ಮಾಪಕ ಇರುವುದು ಸಕ್ಕರೆ ನೀರಿಗಾಗಿ. ಜಿಡ್ಡು ಕರಗಿರುವುದಿಲ್ಲ, ಹನಿಹನಿಯಾಗಿ ತೇಲುತ್ತಿರುತ್ತದೆ. ತಣ್ಣಗಾದ ಮೇಲೆ ಲ್ಯಾಕ್ಟೋಸ್ ಹರಳಾಗಿ ಬೇರೆಯಾಗುವುದರಿಂದ, ಒಂದು ತೊಟ್ಟು ನೀರೂ ಸೇರದಿದ್ದರೂ ಅಂಕಿ ಇಳಿಯುತ್ತದೆ. ಆದ್ದರಿಂದ ಹರಳುಗಟ್ಟುವ ಮುಂಚೆಯೇ, ಉಷ್ಣಾಂಶದ ತಿದ್ದುಪಡಿಯೊಂದಿಗೆ ಅಳೆಯಬೇಕು.

ನಿಜವಾದ ತೀರ್ಪು ಪ್ರಯೋಗಾಲಯದ್ದು. ಚಪ್ಪಟೆ ತಟ್ಟೆಯಲ್ಲಿ ಒಣ ಮರಳು ಹಾಕಿ, ತೂಗಿದ ಮಾದರಿಯನ್ನು ಸ್ವಲ್ಪ ನೀರಿನೊಂದಿಗೆ ಅದರಲ್ಲಿ ಕಲಸುತ್ತಾರೆ. ಮರಳಿಲ್ಲದಿದ್ದರೆ ಮೇಲೆ ಕೆನೆಗಟ್ಟಿ ನೀರು ಒಳಗೇ ಉಳಿಯುತ್ತದೆ. 102 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ತೂಗುತ್ತಾರೆ. ಇದಕ್ಕೆ ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಪಾತ್ರೆಯ ಹಾಲು ಮುಂದಿನ ಹಂತಕ್ಕೆ ಹೋಗಿರುತ್ತದೆ. ಆದರೂ ಬ್ರಿಕ್ಸ್ ಅಂಕಿಗೆ ಎಷ್ಟು ಕೂಡಿಸಬೇಕು, ಎಷ್ಟು ಕಳೆಯಬೇಕು ಎಂಬ ತಿದ್ದುಪಡಿ ಸಿಗುವುದು ಇಲ್ಲಿಂದಲೇ. ಹಾಲಿನ ಜಿಡ್ಡು, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ) ಬದಲಾದಾಗ ಆ ತಿದ್ದುಪಡಿಯನ್ನೂ ಹೊಸದಾಗಿ ಹಾಕಿಕೊಳ್ಳಬೇಕಾಗುತ್ತದೆ.