ಸೈನಿಕ ಆಡಳಿತದಲ್ಲಿ ವ್ಯಾಪಾರ: ಜರ್ಮನಿಯ ಲೆಕ್ಕಪುಸ್ತಕಗಳು ಹೇಳುವ ಪಾಠ

ಸೋತ ದೇಶವನ್ನು ಗೆದ್ದ ಸೈನ್ಯವೇ ಆಳತೊಡಗಿದಾಗ, ಅಲ್ಲಿನ ವ್ಯಾಪಾರಿಯ ದಾಸ್ತಾನು, ಬ್ಯಾಂಕಿನಲ್ಲಿಟ್ಟ ಠೇವಣಿ, ಕೊಡಬೇಕಾದ ಸಾಲ ಮತ್ತು ಬರಬೇಕಾದ ಬಾಕಿಗಳ ಗತಿಯೇನಾಗುತ್ತದೆ? ಯುದ್ಧದ ಇತಿಹಾಸಗಳಲ್ಲಿ ಈ ಪ್ರಶ್ನೆಗೆ ದೊರೆಯುವ ಸ್ಥಳ ಕಡಿಮೆ. ಎರಡನೆಯ ಮಹಾಯುದ್ಧದ ನಂತರದ ಜರ್ಮನಿಯಲ್ಲಿ ಇದಕ್ಕೆ ದೊರೆತ ಉತ್ತರವು ವಾಣಿಜ್ಯ ವಲಯದವರು ಇಂದಿಗೂ ಅರಿತುಕೊಳ್ಳಬೇಕಾದದ್ದಾಗಿದೆ.

ಕಾನೂನು ಏನು ಹೇಳುತ್ತದೆ?

ಆಕ್ರಮಿತ ಪ್ರದೇಶದ ಆಡಳಿತಕ್ಕೆ ಆಧಾರವಾಗಿರುವುದು 1907ರ ಹೇಗ್ ನಿಯಮಾವಳಿ. ಆಕ್ರಮಿಸಿದ ಸೈನ್ಯವು ಅನಿವಾರ್ಯವಲ್ಲದಿದ್ದರೆ ಸ್ಥಳೀಯ ಕಾನೂನುಗಳನ್ನು ಗೌರವಿಸಬೇಕು. ಖಾಸಗಿ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಾರದು. ತೆರಿಗೆ ವಸೂಲು ಮಾಡಿದರೆ ಆ ಪ್ರದೇಶದ ಆಡಳಿತ ವೆಚ್ಚವನ್ನೂ ಹೊರಬೇಕು. ಸೈನ್ಯದ ಅಗತ್ಯಕ್ಕಾಗಿ ಸರಕು ಪಡೆದರೆ ನಗದು ಕೊಡಬೇಕು, ಇಲ್ಲವಾದರೆ ರಸೀದಿಯನ್ನಾದರೂ ಕೊಡಬೇಕು.

1945ರ ಮೇ ತಿಂಗಳಲ್ಲಿ ಜರ್ಮನಿ ಬೇಷರತ್ತಾಗಿ ಶರಣಾಯಿತು. ಜೂನ್ 5ರಂದು ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟಗಳು ಆ ದೇಶದ ಪರಮಾಧಿಕಾರವನ್ನೇ ತಾವು ವಹಿಸಿಕೊಂಡುದಾಗಿ ಘೋಷಿಸಿದವು. ಆದುದರಿಂದ ಹೇಗ್ ನಿಯಮಗಳ ಮಿತಿ ತಮಗೆ ಪೂರ್ಣವಾಗಿ ಅನ್ವಯಿಸದೆಂಬುದು ಅವುಗಳ ವಾದವಾಗಿತ್ತು. ದೇಶ ನಾಲ್ಕು ವಲಯಗಳಾಗಿ ಹಂಚಿಹೋಯಿತು. ಪ್ರತಿ ವಲಯದಲ್ಲಿ ಆಯಾ ದೇಶದ ಸೇನಾಧಿಪತಿಯ ಮಾತೇ ಕಾನೂನಾಯಿತು.

ಬೆಲೆ ಇತ್ತು, ಸರಕು ಇರಲಿಲ್ಲ

ಸೈನಿಕ ಸರ್ಕಾರದ ಕೈ ಎಲ್ಲ ವ್ಯವಹಾರಗಳಿಗೂ ಚಾಚಿತ್ತು. 52ನೇ ಕಾನೂನಿನಂತೆ ನಾಜಿ ಸಂಸ್ಥೆಗಳೂ ಸೇರಿದಂತೆ ಹಲವು ವರ್ಗಗಳ ಆಸ್ತಿಗಳು ಸ್ತಂಭನಗೊಂಡವು. ಅಮೆರಿಕನ್ ವಲಯದ 8ನೇ ಕಾನೂನಿನಂತೆ ನಾಜಿ ಪಕ್ಷದ ಸದಸ್ಯರಾಗಿದ್ದವರು ಖಾಸಗಿ ಉದ್ದಿಮೆಗಳಲ್ಲಿಯೂ ಸಾಮಾನ್ಯ ಕೂಲಿಗಿಂತ ಮೇಲಿನ ಹುದ್ದೆಯಲ್ಲಿ ಇರುವಂತಿರಲಿಲ್ಲ. 1947ರ ಜನವರಿಯಲ್ಲಿ ಅಮೆರಿಕನ್ ಮತ್ತು ಬ್ರಿಟಿಷ್ ವಲಯಗಳು ಆರ್ಥಿಕವಾಗಿ ಒಂದಾದ ಮೇಲೂ ಅವುಗಳ ವಿದೇಶ ವ್ಯಾಪಾರವು ಸೈನಿಕ ಸರ್ಕಾರದ ಜಂಟಿ ರಫ್ತು-ಆಮದು ಸಂಸ್ಥೆಯ ಮೂಲಕವೇ ನಡೆಯಬೇಕಾಗಿತ್ತು.

ಇದೆಲ್ಲಕ್ಕಿಂತ ದೊಡ್ಡ ತೊಡಕು ಹಣದ್ದಾಗಿತ್ತು. ಹಿಟ್ಲರನ ಸರ್ಕಾರ 1936ರಲ್ಲಿಯೇ ಬೆಲೆ ಮತ್ತು ಕೂಲಿಗಳನ್ನು ಸ್ಥಗಿತಗೊಳಿಸಿ, ಯುದ್ಧದ ವೆಚ್ಚಕ್ಕಾಗಿ ಸಾಲದ ಮೇಲೆ ಸಾಲ ಮಾಡಿತ್ತು. ಅದರ ಫಲವಾಗಿ ರೈಖ್ಸ್‌ಮಾರ್ಕ್ ಹಣ ಮಿತಿಮೀರಿ ಉಬ್ಬಿ, ಉತ್ಪಾದನೆ ಕುಸಿದಿತ್ತು. ಸೈನಿಕ ಸರ್ಕಾರ ಹಳೆಯ ಬೆಲೆ ನಿಯಂತ್ರಣವನ್ನೂ ಪಡಿತರವನ್ನೂ ಮುಂದುವರಿಸಿತು. ಪಡಿತರದ ಗುರಿ ದಿನಕ್ಕೆ 1550 ಕ್ಯಾಲೊರಿ. 1946ರಲ್ಲಿ ಬ್ರಿಟಿಷ್ ವಲಯದಲ್ಲಿ ಅದು ಸಾವಿರದ ಸುಮಾರಿಗೆ ಇಳಿಯಿತು. ಪಡಿತರಕ್ಕೆ ಕೊಡಲು ಹಣವಿತ್ತು, ಆದರೆ ಪಡಿತರ ಚೀಟಿಯಿಲ್ಲದೆ ಆ ಹಣಕ್ಕೆ ಏನೂ ದೊರೆಯುತ್ತಿರಲಿಲ್ಲ.

ತಯಾರಕನ ಸ್ಥಿತಿಯನ್ನು ಊಹಿಸಬಹುದು. ನಿಯಂತ್ರಿತ ಬೆಲೆಗೆ ಸರಕು ಮಾರಿದರೆ ಕೈಗೆ ಬರುವ ನೋಟುಗಳಿಂದ ಕಚ್ಚಾ ಮಾಲನ್ನು ಮತ್ತೆ ಕೊಳ್ಳಲಾಗದು. ಆದ್ದರಿಂದ ಮಾರುವುದಕ್ಕಿಂತ ಗೋದಾಮಿನಲ್ಲಿಡುವುದೇ ಜಾಣತನವೆನಿಸಿತು. ಕಾರ್ಖಾನೆಗಳು ಸರಕಿಗೆ ಸರಕನ್ನೇ ವಿನಿಮಯ ಮಾಡಿಕೊಂಡವು; ಕಾಳಸಂತೆಯಲ್ಲಿ ಅಮೆರಿಕನ್ ಸಿಗರೇಟೇ ನಾಣ್ಯವಾಗಿ ನಡೆಯಿತು. ಸೈನ್ಯಗಳು ತಾವೇ ಚಲಾವಣೆಗೆ ತಂದ ಸೈನಿಕ ಮಾರ್ಕ್ ಕೂಡ ಹಣದ ರಾಶಿಯನ್ನು ಹೆಚ್ಚಿಸಿತು. ಅದರ ಅಚ್ಚಿನ ಫಲಕಗಳ ಪ್ರತಿಗಳನ್ನು ಅಮೆರಿಕವು 1944ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಒಪ್ಪಿಸಿದ್ದರಿಂದ, ಎಷ್ಟು ಅಚ್ಚಾಗಬೇಕೆಂಬುದರ ಮೇಲೆ ಒಂದೇ ಹಿಡಿತವಿಲ್ಲದಾಯಿತು.

1948ರ ಜೂನ್ 20

ಆದೇಶಗಳಿಂದ ಸರಕು ಹೊರಬರದೆಂಬುದು ಸ್ಪಷ್ಟವಾದ ಮೇಲೆ ಮೂರು ಪಾಶ್ಚಿಮಾತ್ಯ ವಲಯಗಳು ಹಣವನ್ನೇ ಬದಲಿಸಲು ನಿರ್ಧರಿಸಿದವು. ಹೊಸ ನೋಟುಗಳು ಅಮೆರಿಕದಲ್ಲಿ ಅಚ್ಚಾಗಿ ಗುಟ್ಟಾಗಿ ಬಂದಿಳಿದವು. ಜೂನ್ 18ರ ಶುಕ್ರವಾರ ಸಂಜೆ ಘೋಷಣೆ. ಜೂನ್ 20ರ ಭಾನುವಾರ ವಿತರಣೆ. ಅಮೆರಿಕನ್ ಮತ್ತು ಬ್ರಿಟಿಷ್ ವಲಯಗಳಲ್ಲಿ ಇದು ಸೈನಿಕ ಸರ್ಕಾರದ 61ನೇ ಕಾನೂನಾಗಿ ಜಾರಿಗೆ ಬಂತು.

ಪ್ರತಿಯೊಬ್ಬರಿಗೂ ಮೊದಲು 40 ಡಾಯ್ಚ್ ಮಾರ್ಕ್, ಅನಂತರ 20 ಮಾರ್ಕ್ ದೊರೆಯಿತು. ಉದ್ದಿಮೆಗಳಿಗೆ ಪ್ರತಿ ನೌಕರನ ಲೆಕ್ಕದಲ್ಲಿ 60 ಮಾರ್ಕ್ ಮುಂಗಡವಿತ್ತು. ಕೂಲಿ, ಬಾಡಿಗೆ, ಪಿಂಚಣಿಗಳು ಒಂದಕ್ಕೆ ಒಂದರಂತೆ ಉಳಿದವು. ಖಾಸಗಿ ಸಾಲಗಳು ಸಾಮಾನ್ಯವಾಗಿ ಹತ್ತರಲ್ಲಿ ಒಂದಕ್ಕೆ ಇಳಿದವು. ಠೇವಣಿಗಳಿಗೂ ಮೊದಲು ಅದೇ ದರವಿತ್ತು. ಆದರೆ ಅದರಲ್ಲಿ ಅರ್ಧ ಸ್ತಂಭನಗೊಂಡಿತ್ತು. ಆ ಅರ್ಧದಲ್ಲಿ ಶೇಕಡಾ 70ನ್ನು ಅಕ್ಟೋಬರಿನಲ್ಲಿ ರದ್ದುಮಾಡಿದುದರಿಂದ ನೂರು ಹಳೆಯ ಮಾರ್ಕಿಗೆ ಕೊನೆಗೆ ಉಳಿದದ್ದು ಆರೂವರೆ ಮಾರ್ಕ್ ಮಾತ್ರ. ಭಾರತದಲ್ಲಿ 1978 ಮತ್ತು 2016ರಲ್ಲಿ ನಡೆದ ನೋಟು ರದ್ದತಿಯಿಂದ ಬ್ಯಾಂಕಿನಲ್ಲಿದ್ದ ಠೇವಣಿಯ ಮೊತ್ತ ಕುಗ್ಗಿರಲಿಲ್ಲ. ಜರ್ಮನಿಯಲ್ಲಿ ಠೇವಣಿಯೇ ಕರಗಿತು.

ಎರಡು ವಲಯಗಳ ಆರ್ಥಿಕ ಆಡಳಿತದ ನಿರ್ದೇಶಕರಾಗಿದ್ದ ಲುಡ್ವಿಗ್ ಎರ್ಹಾರ್ಡ್ ಅದೇ ಹೊತ್ತಿನಲ್ಲಿ ಬಹುತೇಕ ತಯಾರಿಕಾ ಸರಕುಗಳ ಬೆಲೆ ನಿಯಂತ್ರಣವನ್ನು ತೆಗೆದುಹಾಕಿದರು. ಮುಖ್ಯ ಆಹಾರ ಪದಾರ್ಥ, ಬಾಡಿಗೆ, ಕಲ್ಲಿದ್ದಲು, ಉಕ್ಕುಗಳ ಮೇಲೆ ಮಾತ್ರ ನಿಯಂತ್ರಣ ಉಳಿಯಿತು. ಸೋಮವಾರ ಅಂಗಡಿಗಳ ಕಪಾಟುಗಳಲ್ಲಿ ಸರಕು ಕಾಣಿಸಿಕೊಂಡಿತು. ಅದು ರಾತ್ರೋರಾತ್ರಿ ತಯಾರಾದುದಲ್ಲ. ನಂಬಲರ್ಹವಾದ ಹಣಕ್ಕಾಗಿ ಗೋದಾಮಿನಲ್ಲಿ ಕಾದಿದ್ದ ಸರಕು.

ಯಾರ ಲೆಕ್ಕದಲ್ಲಿ ನಷ್ಟ?

ಕಲ್ಪಿತ ಉದಾಹರಣೆಯೊಂದರಿಂದ ಇದನ್ನು ಸ್ಪಷ್ಟಪಡಿಸಬಹುದು. ಸಣ್ಣ ನೇಯ್ಗೆ ಕಾರ್ಖಾನೆಯೊಂದರ ದಾಸ್ತಾನು 40,000, ಠೇವಣಿ 20,000, ಸಾಲ 30,000 ಮಾರ್ಕ್ ಎಂದಿಟ್ಟುಕೊಳ್ಳೋಣ. ಯಂತ್ರಗಳನ್ನು ಬದಿಗಿಟ್ಟರೆ ನಿವ್ವಳ 30,000. ಸುಧಾರಣೆಯ ನಂತರ ಠೇವಣಿ 1,300ಕ್ಕೆ, ಸಾಲ 3,000ಕ್ಕೆ ಇಳಿಯುತ್ತದೆ. ದಾಸ್ತಾನಿನ ಬೆಲೆ ಅಷ್ಟೇ ಇದ್ದರೂ ನಿವ್ವಳ 38,300 ಆಗುತ್ತದೆ. ಇನ್ನೊಂದೆಡೆ, ಜೀವಮಾನದ ಉಳಿತಾಯವಾಗಿ 10,000 ಮಾರ್ಕ್ ಠೇವಣಿಯನ್ನಷ್ಟೇ ಹೊಂದಿದ್ದ ವಿಧವೆಗೆ, ತಲಾ ಹಣದ ಹೊಂದಾಣಿಕೆಯನ್ನು ಬಿಟ್ಟರೆ, ಉಳಿಯುವುದು 650 ಮಾರ್ಕ್.

ಸರಕು ಉಳ್ಳವನು ಗೆದ್ದನು. ಹಣವನ್ನು ನಂಬಿ ಉಳಿಸಿದವನು ಸೋತನು. ಬೆಲೆಗಳು ಏರತೊಡಗಿದಾಗ 1948ರ ನವೆಂಬರ್ 12ರಂದು ಲಕ್ಷಾಂತರ ಕಾರ್ಮಿಕರು ಮುಷ್ಕರ ಹೂಡಿದರು. 1950ರ ಆರಂಭದ ವೇಳೆಗೆ ನಿರುದ್ಯೋಗಿಗಳ ಸಂಖ್ಯೆ ಸುಮಾರು 20 ಲಕ್ಷಕ್ಕೆ ಮುಟ್ಟಿತು. ಸೋವಿಯತ್ ವಲಯವು ತನ್ನದೇ ಹಣವನ್ನು ಜಾರಿಗೊಳಿಸಿತು; ಬರ್ಲಿನ್ ದಿಗ್ಬಂಧನ ಆರಂಭವಾಗಿ, ದೇಶದ ವಿಭಜನೆ ಗಟ್ಟಿಯಾಯಿತು.

ಹೊಸ ಅಢಾವೆ ಪತ್ರಿಕೆ

ಹಳೆಯ ಪುಸ್ತಕಗಳ ಅಂಕಿಗಳಿಗೆ ಅರ್ಥವಿಲ್ಲದಂತಾಗಿತ್ತು. 1949ರ ಆಗಸ್ಟ್ ತಿಂಗಳ ಕಾನೂನಿನಂತೆ ಉದ್ದಿಮೆಗಳು 1948ರ ಜೂನ್ 21ಕ್ಕೆ ಅನ್ವಯಿಸುವಂತೆ ಆರಂಭಿಕ ಅಢಾವೆ ಪತ್ರಿಕೆಯನ್ನು ಡಾಯ್ಚ್ ಮಾರ್ಕಿನಲ್ಲಿ ಸಿದ್ಧಪಡಿಸಬೇಕಾಯಿತು. ಕಟ್ಟಡ, ಯಂತ್ರ, ದಾಸ್ತಾನುಗಳನ್ನು ಮರುಮೌಲ್ಯಮಾಪನ ಮಾಡಿ, ಸವಕಳಿಯನ್ನು ಹೊಸ ಬೆಲೆಯ ಮೇಲೆ ಲೆಕ್ಕಹಾಕಲು ಅವಕಾಶವಾಯಿತು.

ಉಳಿದಿದ್ದ ಬಾಕಿ ನ್ಯಾಯದ್ದು. ಅದನ್ನು ತೀರಿಸುವ ಹೊಣೆಯನ್ನು ಸೈನಿಕ ಸರ್ಕಾರ ಜರ್ಮನ್ ಶಾಸಕಾಂಗಕ್ಕೆ ಬಿಟ್ಟಿತು. 1952ರ ಹೊರೆ ಸಮೀಕರಣ ಕಾನೂನು 1948ರ ಜೂನ್ 21ರಂದು ಇದ್ದ ನಿವ್ವಳ ಆಸ್ತಿಯ ಮೇಲೆ, ಕೆಲವು ವಿನಾಯಿತಿಗಳನ್ನು ಕಳೆದು, ಶೇಕಡಾ 50ರ ತೆರಿಗೆ ವಿಧಿಸಿತು. ಒಮ್ಮೆಲೇ ಕೇಳಿದ್ದರೆ ಉದ್ದಿಮೆಗಳು ಮುಳುಗುತ್ತಿದ್ದವು. ಆದ್ದರಿಂದ ಮೂರು ತಿಂಗಳಿಗೊಮ್ಮೆಯ ಕಂತುಗಳಲ್ಲಿ 1979ರವರೆಗೆ ಕಟ್ಟಲು ಅವಕಾಶ ನೀಡಲಾಯಿತು. ಸಾಲ ಕುಗ್ಗಿದ್ದರಿಂದ ಆದ ಲಾಭಕ್ಕೂ ಪ್ರತ್ಯೇಕ ಕರ ಬಿದ್ದಿತು. ಆ ಹಣ ಪೂರ್ವ ಪ್ರದೇಶಗಳಿಂದ ಹೊರದೂಡಲ್ಪಟ್ಟವರಿಗೆ ಮತ್ತು ಬಾಂಬು ದಾಳಿಯಲ್ಲಿ ಆಸ್ತಿ ಕಳೆದುಕೊಂಡವರಿಗೆ ಸಂದಿತು. ಯುದ್ಧಪೂರ್ವದ ಉಳಿತಾಯಗಾರರಿಗೆ 1953ರ ಕಾನೂನಿನಿಂದ ಸ್ವಲ್ಪ ಪರಿಹಾರ ದೊರೆಯಿತು. ಪೂರ್ಣ ಪರಿಹಾರವಂತೂ ಅಲ್ಲ.

1949ರ ಸೆಪ್ಟೆಂಬರಿನಲ್ಲಿ ಸೈನಿಕ ಗವರ್ನರ್‌ಗಳ ಸ್ಥಾನಕ್ಕೆ ನಾಗರಿಕ ಹೈಕಮಿಷನರುಗಳು ಬಂದರು. 1955ರ ಮೇ 5ರಂದು ಪಶ್ಚಿಮ ಜರ್ಮನಿಯ ಆಕ್ರಮಣಾಡಳಿತ ಕೊನೆಗೊಂಡಿತು. ನಂಬಬಹುದಾದ ಹಣವಿಲ್ಲದಿದ್ದಾಗ ಎಷ್ಟು ಕಟ್ಟುನಿಟ್ಟಿನ ಆದೇಶವೂ ಮಾರುಕಟ್ಟೆಗೆ ಸರಕು ತರಲಾರದೆಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಹಣವನ್ನು ಸರಿಪಡಿಸುವ ಕೆಲಸ ಒಂದು ಭಾನುವಾರದಲ್ಲಿ ಆಗಿಹೋಯಿತು. ಅದರ ನಷ್ಟವನ್ನು ನ್ಯಾಯವಾಗಿ ಹಂಚುವ ಕೆಲಸಕ್ಕೆ ಮೂವತ್ತು ವರ್ಷಗಳು ಬೇಕಾದವು.