ಸೌದೆ ತುಂಬಿದ ಟ್ರಾಲಿಯ ಹಿಂದೆ ಯಂತ್ರ ಕಟ್ಟುವ ಮುನ್ನ ಒಂದ್ನಿಮಿಷ ಯೋಚಿಸಿ

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಶುರುವಾಯ್ತು ಅಂದ್ರೆ ಸೌದೆಯ ಓಡಾಟವೂ ಶುರು. ಕೆಂಪಡಿಕೆ ಮಾಡುವ ಮನೆಯಲ್ಲಿ ಹಂಡೆಯ ಒಲೆ ಆರುವ ಹಾಗಿಲ್ಲ. ಕೊಡಲಿ ಹಿಡಿಯುವ ಆಳುಗಳು ಸಿಗೋದು ಕಷ್ಟವಾಗಿ, ಹೈಡ್ರಾಲಿಕ್ ಸೌದೆ ಸೀಳುವ ಯಂತ್ರ ತಂದವರಿದ್ದಾರೆ. ಎರಡು ಸಣ್ಣ ಚಕ್ರ, ಮುಂದೊಂದು ಮೂಕಿ. ತೋಟದಲ್ಲಿ ಸೀಳಿ ಮುಗಿಸಿ ಟ್ರಾಲಿಗೆ ಲೋಡ್ ಮಾಡಿದ ಮೇಲೆ ಎಲ್ಲರಿಗೂ ಹೊಳೆಯೋದು ಒಂದೇ ಯೋಚನೆ: "ಹ್ಯಾಗೂ ಟ್ರ್ಯಾಕ್ಟರ್ ಮನೆಗೆ ಹೋಗ್ತಿದೆ, ಯಂತ್ರವನ್ನೂ ಹಿಂದೆ ಸಿಕ್ಕಿಸಿಬಿಡೋಣ."

ಎರಡು ವರ್ಷದ ಹಿಂದೆ ನಾನೂ ಹಾಗೇ ಮಾಡಿದೆ. ಮನೆ ಎಂಟು ಕಿಲೋಮೀಟರ್ ದೂರ. ಏರು ಹತ್ತುವಾಗ ಏನೂ ಗೊತ್ತಾಗಲಿಲ್ಲ. ಇಳಿಜಾರಿನ ತಿರುವಿನಲ್ಲಿ ಹಿಂದೆ 'ಟಣ್' ಅಂತ ಸದ್ದು. ಸೌದೆ ಎತ್ತರಕ್ಕೆ ಪೇರಿಸಿದ್ದರಿಂದ ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ನಿಲ್ಲಿಸಿ ಇಳಿದು ನೋಡಿದರೆ, ಟ್ರಾಲಿಯ ಹಿಂದಿನ ಕೊಕ್ಕೆಯ ವೆಲ್ಡಿಂಗ್ ಬಿಟ್ಟು ಯಂತ್ರ ರಸ್ತೆಯ ಆಚೆ ಬದಿಯ ಚರಂಡಿಯಲ್ಲಿ ಬಿದ್ದಿತ್ತು. ನಾನು ನೋಡುತ್ತಾ ನಿಂತಿದ್ದಾಗಲೇ ಶಾಲೆ ಬಿಟ್ಟ ಮಕ್ಕಳು ನಾಲ್ಕೈದು ಮಂದಿ ಅದೇ ತಿರುವಿನಲ್ಲಿ ನಡೆದು ಬಂದರು. ಐದು ನಿಮಿಷದ ಅಂತರ, ಅಷ್ಟೇ.

ಎಳೆಯೋದು ಸುಲಭ, ನಿಲ್ಲಿಸೋದು ಕಷ್ಟ

ಲೆಕ್ಕ ನೋಡಿ. ಸೌದೆ ಸೇರಿ ಟ್ರಾಲಿ 5 ಟನ್ ಇದೆ ಅಂದುಕೊಳ್ಳಿ. 10 ಮೀಟರಿಗೆ 1 ಮೀಟರ್ ಇಳಿಯುವ ರಸ್ತೆಯಲ್ಲಿ ಅದು ಟ್ರ್ಯಾಕ್ಟರನ್ನು ಸುಮಾರು 500 ಕಿಲೋ ಬಲದಿಂದ ಮುಂದಕ್ಕೆ ತಳ್ಳುತ್ತದೆ. ಹಿಂದಿನ ಯಂತ್ರ 400 ಕಿಲೋ ಇದ್ದರೆ ಅದರ ತಳ್ಳಾಟ ಬರೀ 40 ಕಿಲೋ. "ಇಷ್ಟೇನಾ?" ಅನ್ನಿಸುತ್ತದೆ. ನಾವು ಮೋಸ ಹೋಗೋದೇ ಇಲ್ಲಿ.

ಅಪಾಯ ಇರೋದು ಅದು ಕಟ್ಟಿಕೊಂಡ ಜಾಗದಲ್ಲಿ. ಯಂತ್ರ ಒಂದು ಬದಿಗೆ ಓಲಾಡಿದರೆ ಟ್ರಾಲಿಯ ಬಾಲವನ್ನೂ ಆ ಬದಿಗೆ ಜಗ್ಗುತ್ತದೆ. ಜೊತೆಗೆ ಯಂತ್ರದ ಮೂಕಿಯ ಭಾರ ಟ್ರಾಲಿಯ ಹಿಂಭಾಗದ ಮೇಲೆ ಕೂತಾಗ, ಮುಂಭಾಗ ಆ ಮಟ್ಟಿಗೆ ಮೇಲಕ್ಕೆ ಎತ್ತುತ್ತದೆ. ಎರಡು ಚಕ್ರದ ಟ್ರಾಲಿಯಲ್ಲಿ ಸೌದೆಯೂ ಹಿಂದಕ್ಕೇ ಹೆಚ್ಚಾಗಿದ್ದರಂತೂ ಟ್ರ್ಯಾಕ್ಟರಿನ ಹಿಂಚಕ್ರದ ಮೇಲಿನ ಭಾರ ಇನ್ನೂ ಕಡಿಮೆಯಾಗುತ್ತದೆ. ನಮ್ಮ ಸಾಮಾನ್ಯ ಟ್ರ್ಯಾಕ್ಟರುಗಳಿಗೆ ಬ್ರೇಕ್ ಇರೋದೇ ಹಿಂಚಕ್ರಕ್ಕೆ. ಹಿಡಿತ ಬೇಕಾದ ಕಡೆಯೇ ಹಿಡಿತ ತಪ್ಪುತ್ತದೆ.

ಇನ್ನು ಆ ಕೊಕ್ಕೆ. ಎಷ್ಟೋ ಟ್ರಾಲಿಗಳ ಹಿಂದಿನ ಕೊಕ್ಕೆ ಹಗ್ಗ ಕಟ್ಟೋಕೆ ಅಂತ ಬೆಸುಗೆ ಹಾಕಿದ್ದು, ಗಾಡಿ ಎಳೆಯೋಕೆ ಅಲ್ಲ.

ಹಾಗಾದ್ರೆ ಏನು ಮಾಡೋದು?

ಮೊದಲ ಸಲಹೆ: ಎರಡು ಟ್ರಿಪ್ ಮಾಡಿ. ಯಂತ್ರವನ್ನು ನೇರ ಟ್ರ್ಯಾಕ್ಟರಿಗೆ ಕಟ್ಟಿ ಮನೆಗೆ ಬಿಟ್ಟು ಬನ್ನಿ, ಆಮೇಲೆ ಸೌದೆ ಒಯ್ಯಿರಿ. ಇಲ್ಲವೇ ಸೌದೆ ಕಡಿಮೆ ತುಂಬಿ, ಯಂತ್ರವನ್ನು ಟ್ರಾಲಿಯೊಳಗೇ ಹತ್ತಿಸಿ, ಚಕ್ರಕ್ಕೆ ಅಡೆ ಕೊಟ್ಟು ನಾಲ್ಕೂ ಕಡೆ ಬಿಗಿಯಾಗಿ ಕಟ್ಟಿ.

ತೋಟದೊಳಗೆ ಸಮತಟ್ಟಾದ ದಾರಿಯಲ್ಲಿ ನಾಲ್ಕು ಹೆಜ್ಜೆ ಎಳೆಯಲೇಬೇಕು ಅಂದ್ರೆ ಇಷ್ಟನ್ನಾದರೂ ಪಾಲಿಸಿ:

• ಕೊಕ್ಕೆ ಟ್ರಾಲಿಯ ಚಾಸಿಗೇ ಬೋಲ್ಟ್ ಆಗಿರಲಿ. ಪಿನ್ನಿಗೆ ಲಾಕ್ ಇರಲಿ. ಮೊಳೆ, ತಂತಿ ಬೇಡ.

• ಮೂಕಿಯ ಅಡಿಯಲ್ಲಿ ಎರಡು ಸರಪಳಿ ಅಡ್ಡಡ್ಡ ಹಾಕಿ. ಪಿನ್ ಬಿಟ್ಟರೂ ಮೂಕಿ ನೆಲಕ್ಕೆ ಕುಕ್ಕಬಾರದು.

• ಸೌದೆಯ ಭಾರ ಟ್ರಾಲಿಯ ಅಚ್ಚಿಗಿಂತ ಸ್ವಲ್ಪ ಮುಂದೆ ಬೀಳಲಿ.

• ಟ್ರ್ಯಾಕ್ಟರಿನ ಎರಡೂ ಬ್ರೇಕ್ ಪೆಡಲುಗಳನ್ನು ಲಾಕ್ ಹಾಕಿ ಒಂದಾಗಿಸಿ. ಒಂದೇ ಚಕ್ರ ಹಿಡಿದರೆ ಗಾಡಿ ಅಡ್ಡ ತಿರುಗುತ್ತದೆ.

• ನಡಿಗೆಯ ವೇಗ ಸಾಕು. ಗಂಟೆಗೆ 20 ಕಿ.ಮೀ. ಇದ್ದ ವೇಗ 30 ಆದರೆ ನಿಲ್ಲಿಸಲು ಅರಗಿಸಬೇಕಾದ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚು.

• ಟ್ರಾಲಿಯ ಹಿಂದೆ ಯಂತ್ರ ಇರುವಾಗ ರಿವರ್ಸ್ ಹಾಕಬೇಡಿ. ಬಿಚ್ಚಿ, ಕೈಯಿಂದ ತಳ್ಳಿ.

ಟ್ರಾಲಿ ಒಂದೇ ಇದ್ದರೂ ಇಳಿಜಾರಿನ ನಿಯಮ ಮರೆಯಬೇಡಿ. ಇಳಿಯುವ ಮೊದಲೇ ಸಣ್ಣ ಗೇರಿಗೆ ಬನ್ನಿ. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡೋದು, ಕ್ಲಚ್ ಒತ್ತಿಕೊಂಡು ಇಳಿಯೋದು ಎರಡೂ ಬೇಡ. ಯಂತ್ರ ಒಂದನ್ನೇ ಎಳೆಯುವಾಗಲೂ ನಾಲ್ಕೈದು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಅದರ ಚಕ್ರದ ಹಬ್ಬಿನ ಹತ್ತಿರ ಕೈ ಹಿಡಿದು ನೋಡಿ; ವಿಪರೀತ ಬಿಸಿ ತಟ್ಟಿದರೆ ಬೇರಿಂಗ್ ಹೋಗ್ತಿದೆ ಅಂತಲೇ ಅರ್ಥ. ಹಿಂದೆ ಕೆಂಪು ರಿಫ್ಲೆಕ್ಟರ್ ಕಡ್ಡಾಯವಾಗಿ ಇರಲಿ, ಕತ್ತಲಾದ ಮೇಲೆ ಹೊರಡಬೇಡಿ.

ಕಾಗದಪತ್ರದ ವಿಷಯವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರಿಗೂ ನೋಂದಣಿ ಇದೆ. ನಿಮ್ಮ ವಿಮೆ ಯಾವುದಕ್ಕೆಲ್ಲ ಅನ್ವಯಿಸುತ್ತದೆ ಅಂತ ಏಜೆಂಟರ ಹತ್ತಿರ ಈಗಲೇ ಕೇಳಿಟ್ಟುಕೊಳ್ಳಿ. ಅಪಘಾತ ಆದ ಮೇಲೆ ಕೇಳಿ ಪ್ರಯೋಜನ ಇಲ್ಲ.

ಅವತ್ತು ನಾನು ಉಳಿಸೋಕೆ ಹೋಗಿದ್ದು ಮೂರ್ನಾಲ್ಕು ಲೀಟರ್ ಡೀಸೆಲ್, ಒಂದು ಗಂಟೆ ಸಮಯ. ಯಂತ್ರದ ಅಚ್ಚು ಬಾಗಿ, ಹೈಡ್ರಾಲಿಕ್ ಪೈಪ್ ಹರಿದು, ಕೊಯ್ಲಿನ ನಡುವೆ ಎಂಟು ದಿನ ಕೆಲಸ ನಿಂತಿತು. ಅದೆಲ್ಲ ದುಡ್ಡಿನ ಲೆಕ್ಕ, ಹೇಗೋ ತುಂಬಿಕೊಂಡೆ. ಆ ಮಕ್ಕಳು ಐದು ನಿಮಿಷ ಮೊದಲೇ ಬಂದಿದ್ದರೆ ತುಂಬಿಕೊಡೋಕೆ ನನ್ನ ಹತ್ತಿರ ಏನಿತ್ತು?

ಈ ಸಲ ಸೌದೆ ತರೋಕೆ ಹೊರಡುವ ಮುಂಚೆ ಟ್ರಾಲಿಯ ಹಿಂದಿನ ಕೊಕ್ಕೆಯನ್ನು ಒಮ್ಮೆ ಬಗ್ಗಿ ನೋಡಿ. ಆಮೇಲೆ ಎರಡು ಟ್ರಿಪ್ಪೇ ಮಾಡಿ.