ಮರದ ನೆಲ ಹಾಕಿಸುವ ಮುನ್ನ

“ಹಕೀಮ್ ಸಾಹೇಬ್ರೇ, ಟೈಲ್ಸ್ ತಣ್ಣಗಿರುತ್ತೆ, ಸಜ್ದಾಕ್ಕೆ ಹೋದರೆ ಮಂಡಿ ಹಿಡಿಯುತ್ತೆ. ಮರದ ನೆಲ ಹಾಕಿಸಲಾ?” ಚಳಿಗಾಲದಲ್ಲಿ ಹಿರಿಯರು ಕೇಳುವ ಪ್ರಶ್ನೆ ಇದು. ತಣ್ಣನೆಯ ನೆಲ ಮಂಡಿಗೆ ಹಿತವಲ್ಲ, ನಿಜ. ಆದರೆ ಅದಕ್ಕೆ ದಪ್ಪನೆಯ ಮುಸಲ್ಲಾ ಸಾಕು.

ನೆಲ ಬದಲಿಸುವುದೇ ಆದರೆ ಮೊದಲು ನೀರಿನ ಲೆಕ್ಕ ಹಾಕಿ. ಐದು ಹೊತ್ತು ವುಝೂ ಮಾಡಿ ಒದ್ದೆ ಕಾಲಲ್ಲೇ ಒಳಗೆ ಬರುತ್ತೇವೆ. ಮಗು ಮೂತ್ರ ಮಾಡಿದರೆ ಒರೆಸಿ ಸುಮ್ಮನಾಗುವುದಿಲ್ಲ, ನೀರು ಹುಯ್ದು ತೊಳೆಯುತ್ತೇವೆ. ಮಸೀದಿಯಲ್ಲಿ ಗ್ರಾಮೀಣನೊಬ್ಬ ಮೂತ್ರ ಮಾಡಿದಾಗ ಅದರ ಮೇಲೆ ನೀರು ಸುರಿಯುವಂತೆ ಪ್ರವಾದಿ(ಸ) ಹೇಳಿದ ಹದೀಸ್ ನಿಮಗೆ ಗೊತ್ತೇ ಇದೆ.

ಅಂಗಡಿಯವರು ಅಗ್ಗದಲ್ಲಿ ತೋರಿಸುವ ‘ಮರದ ನೆಲ’ ಹೆಚ್ಚಾಗಿ ಲ್ಯಾಮಿನೇಟ್. ಮರದ ನಾರನ್ನು ಅಂಟು ಬೆರೆಸಿ ಒತ್ತಿದ ಹಲಗೆ, ಮೇಲೆ ಮರದ ಚಿತ್ರದ ಹಾಳೆ, ಅಷ್ಟೆ. ಸಂದಿಯಲ್ಲಿ ನೀರು ಇಳಿದರೆ ಅಂಚು ಊದಿಕೊಳ್ಳುತ್ತದೆ, ಮತ್ತೆ ಸರಿಹೋಗುವುದಿಲ್ಲ. ಆ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲವೂ ಹೊರಬರುತ್ತದೆ. ಕಣ್ಣುರಿ, ಗಂಟಲು ಕೆರೆತ, ಉಬ್ಬಸ ಇರುವವರಿಗೆ ಇನ್ನಷ್ಟು ತೊಂದರೆ. ಹಾಕಿಸಲೇಬೇಕೆಂದರೆ ಇ1 ಗುರುತು ಇರುವುದನ್ನೇ ಕೇಳಿ. ಘಾಟು ಹೋಗುವವರೆಗೆ ಕಿಟಕಿ ತೆರೆದಿಡಿ, ಹಸುಗೂಸು, ಬಸುರಿಯರನ್ನು ಆ ಕೋಣೆಯಲ್ಲಿ ಮಲಗಿಸಬೇಡಿ. ಯುನಾನಿಯಲ್ಲಿ ಆರೋಗ್ಯಕ್ಕೆ ಅತ್ಯಗತ್ಯವಾದ ಆರು ಸಂಗತಿಗಳಲ್ಲಿ ಮೊದಲನೆಯದೇ ಗಾಳಿ.

ನಿಜವಾದ ತೇಗದ ಹಲಗೆ? ಸೊಗಸು. ಆದರೆ ಹನೂರಿನ ಕಡೆ ಗೆದ್ದಲನ್ನು ಕಂಡವರು ಎರಡು ಸಲ ಯೋಚಿಸುತ್ತಾರೆ.

ಪಿವಿಸಿ ಶೀಟಿನ ತೊಂದರೆ ಬೇರೆ. ಅದಕ್ಕೆ ನೀರು ತಾಗದು, ಆದರೆ ಕೆಳಗಿನ ತೇವ ಮೇಲೆ ಬರಲು ಬಿಡುವುದಿಲ್ಲ. ಯಳಂದೂರಿನ ಗದ್ದೆಬದಿಯ ಮನೆಯೊಂದರ ಮಗುವಿಗೆ ಮಳೆಗಾಲ ಮುಗಿದರೂ ಕೆಮ್ಮು ನಿಂತಿರಲಿಲ್ಲ. ಶೀಟಿನ ಒಂದು ಮೂಲೆ ಎತ್ತಿ ನೋಡಲು ಹೇಳಿದೆ. ಅಡಿಯಲ್ಲಿ ಕಪ್ಪು ಬೂಷ್ಟು! ಶೀಟು ತೆಗೆದು, ತೊಳೆದು ಒಣಗಿಸಿದ ಮೇಲೆ ಔಷಧಿಗೂ ಬಲ ಬಂತು. ಕಾವೇರಿ ದಂಡೆಯ ದಾಸನಪುರ, ಮುಳ್ಳೂರಿನಂಥ ಊರುಗಳವರು 2018, 2019ರ ನೆರೆಯನ್ನು ಮರೆತಿರಲಾರರು. ಅಂಥ ಕಡೆ ಅಂಟಿಸುವ ಶೀಟೂ ಬೇಡ, ಹಲಗೆಯೂ ಬೇಡ.

ನೆಲದಲ್ಲಿ ತೇವವಿದೆಯೇ ಎಂದು ನೀವೇ ನೋಡಬಹುದು. ಎರಡು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ. ಎತ್ತಿದಾಗ ಅಡಿಯಲ್ಲಿ ಹನಿ ಕಂಡರೆ, ನೆಲ ಕಪ್ಪಿಟ್ಟಿದ್ದರೆ ಅದರ ಮೇಲೆ ಏನನ್ನೂ ಮುಚ್ಚಬೇಡಿ.

ಮರದ ಅಂದವೇ ಬೇಕೆಂದರೆ ನನ್ನ ಆಯ್ಕೆ ಮರದ ಗೆರೆಯಿರುವ ವಿಟ್ರಿಫೈಡ್ ಟೈಲ್ಸ್. ನೀರು ಹುಯ್ಯಬಹುದು, ಗೆದ್ದಲಿಲ್ಲ. ಹೊಳಪಿನದು ಬೇಡ, ಮ್ಯಾಟ್ ಇರಲಿ. ಪೆಟ್ಟಿಗೆಯ ಮೇಲೆ ಆರ್10 ಎಂದಿದ್ದರೆ ಕಾಲು ಜಾರುವುದು ಕಡಿಮೆ. ವುಝೂ ಮಾಡಿ ಬರುವಾಗ ಜಾರಿ ತೊಡೆಮೂಳೆ ಮುರಿದುಕೊಂಡ ಅಜ್ಜಿಯರನ್ನು ಕಂಡಿದ್ದೇನೆ, ಅವರಲ್ಲಿ ಕೆಲವರು ಮತ್ತೆ ನಿಂತು ನಮಾಝ್ ಮಾಡಲಾಗಲಿಲ್ಲ. ನಮ್ಮ ಚಾಮರಾಜನಗರದ ಕರಿಕಲ್ಲಿಗೂ ಪಾಲಿಶ್ ಹಾಕಿದರೆ ಇದೇ ಅಪಾಯ. ನೀರು ನಿಲ್ಲದಂತೆ ಬಚ್ಚಲ ಕಡೆಗೆ ವಾಟ ಕೊಡಲು ಮೇಸ್ತ್ರಿಗೆ ಮೊದಲೇ ಹೇಳಿ. ಸೋಪಿನ ಪುಡಿಯಲ್ಲಿ ಒರೆಸಿದರೆ ಮತ್ತೊಮ್ಮೆ ಬರೀ ನೀರಲ್ಲಿ ಒರೆಸಿ. ಗೆರೆಗಳಲ್ಲಿ ಉಳಿಯುವ ಸೋಪೇ ಜಾರಿಸುತ್ತದೆ.

ಅಜ್ಜನ ಕಾಲದ ಕೆಂಪು ಗಾರೆ ನೆಲ ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ಕೀಳಿಸಲು ಹೋಗಬೇಡಿ. ಅದರ ಮೇಲೊಂದು ಚಾಪೆ ಹಾಸಿ, ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ.